ಯಾವ ಜೀನ್, ಎಲ್ಲಿಗೆ, ಯಾತಕ್ಕೆ?

ಆಕಾಶವಾಣಿ ಹಾಸನ ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ. ಹೊಲದ ಬದುವಿನಲ್ಲಿ ಕೂತು ಕೇಳುತ್ತಿರುವವರು, ಒಲೆ ಮುಂದೆ ರೇಡಿಯೋ ಹಾಕಿಕೊಂಡಿರುವವರು, ಪಿಯುಸಿ ಮಕ್ಕಳು, ಎಲ್ಲರಿಗೂ ಸೇರಿಸಿಯೇ ಹೇಳುತ್ತೇನೆ.

ಇವತ್ತಿನ ವಿಷಯ ಜೀನ್ ತಂತ್ರಜ್ಞಾನ. ಪೇಪರಿನಲ್ಲಿ ಕುಲಾಂತರಿ ಅಂತ ಬರೆಯುತ್ತಾರಲ್ಲ, ಅದೇ. ಜೀನ್ ಅಂದರೆ ಜೀವಕೋಶದೊಳಗೆ ಡಿಎನ್‌ಎ ಅನ್ನುವ ಎಳೆಯಲ್ಲಿ ಅಕ್ಷರಗಳಂತೆ ಬರೆದಿರುವ ಒಂದು ಸೂಚನೆ. ಹೋದಲ್ಲೆಲ್ಲ ನನಗೆ ಎದುರಾಗುವುದು ಒಂದೇ ಪ್ರಶ್ನೆ: "ಸಾರ್, ಇದು ಒಳ್ಳೆಯದಾ, ಕೆಟ್ಟದ್ದಾ?" ಬೇಜಾರು ಮಾಡಿಕೊಳ್ಳಬೇಡಿ, ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ನೀವು ಕೇಳಬೇಕಾದ್ದು ಇದು: ಯಾವ ಜೀನ್? ಎಲ್ಲಿಗೆ ಹಾಕಿದರು? ಯಾತಕ್ಕೆ?

ಸಾಲಗಾಮೆ ಕಡೆ ಒಂದು ಊರಿನಲ್ಲಿ ರೈತರ ಸಭೆ ಇತ್ತು. ನಾನು ಬಾಯಿ ತೆರೆಯುವ ಮುಂಚೆಯೇ ಹಿರಿಯ ಗೌಡರೊಬ್ಬರು ಎದ್ದರು. "ಮೇಷ್ಟ್ರೇ, ಕುಲಾಂತರಿ ಗಿಲಾಂತರಿ ನಮ್ಮೂರಿಗೆ ಬ್ಯಾಡ. ನನ್ನ ಮೈಗೆ ಅದು ಸೋಕಬಾರದು" ಅಂದರು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಊಟಕ್ಕೆ ಕರೆದವರೂ ಅವರೇ. ಮುದ್ದೆ, ಹುರುಳಿಕಾಳಿನ ಬಸ್ಸಾರು. ಕೈ ತೊಳೆದು ಕೂರುವಷ್ಟರಲ್ಲಿ ಸೊಸೆ ಫ್ರಿಜ್ಜಿನಿಂದ ಒಂದು ಪುಟ್ಟ ಬಾಟಲಿ ತಂದಳು. ಗೌಡರಿಗೆ ಸಕ್ಕರೆ ಕಾಯಿಲೆ. ಅಂಗಿ ಎತ್ತಿ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡರು. ನಾನು ಸುಮ್ನೆ ಇರಲಾರದೆ, ಆ ಡಬ್ಬಿ ಕೊಡಮ್ಮಾ ಅಂದೆ. ಮೊಮ್ಮಗನ ಕೈಗೆ ಕೊಟ್ಟು ಓದಿಸಿದೆ. ಹೆಸರಿನ ಕೆಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇತ್ತು: ಹ್ಯೂಮನ್ ಇನ್ಸುಲಿನ್, ಆರ್‌ಡಿಎನ್‌ಎ ಒರಿಜಿನ್.

"ಹಂಗಂದ್ರೆ?" ಅಂದರು ಗೌಡರು.

ಹಂಗಂದರೆ ಇಷ್ಟೇ. ಮೊದಲೆಲ್ಲ ಇನ್ಸುಲಿನ್ ತೆಗೆಯುತ್ತಿದ್ದದ್ದು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯರ ಇನ್ಸುಲಿನ್ನಿನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಹೇಗೆ? ಬ್ಯಾಕ್ಟೀರಿಯಾದಲ್ಲಿ ಪ್ಲಾಸ್ಮಿಡ್ ಅಂತ ಡಿಎನ್‌ಎಯ ಚಿಕ್ಕ ಬಳೆ ಇರುತ್ತದೆ. ಅದನ್ನು ಕತ್ತರಿಸುವ ಕಿಣ್ವಗಳಿವೆ, ಎನ್ಜೈಮ್ ಅಂತಾರಲ್ಲ, ಅವು. ಒಂದೊಂದು ಕಿಣ್ವವೂ ತನಗೆ ಗೊತ್ತಿರುವ ಅಕ್ಷರಗಳ ಸಾಲು ಸಿಕ್ಕಿದ ಕಡೆ ಮಾತ್ರ ಕತ್ತರಿಸುತ್ತದೆ. ಕತ್ತರಿಸಿದ ಜಾಗದಲ್ಲಿ ಬೇಕಾದ ಜೀನ್ ಇಟ್ಟು, ಲೈಗೇಸ್ ಅನ್ನುವ ಇನ್ನೊಂದು ಕಿಣ್ವದಿಂದ ಅಂಟಿಸುತ್ತಾರೆ. ಹೀಗೆ ಅಂಟಿಸಿ ಮಾಡಿದ ಡಿಎನ್‌ಎಯೇ ಡಬ್ಬಿಯ ಮೇಲಿದ್ದ ಆರ್‌ಡಿಎನ್‌ಎ. ಬಳೆಯನ್ನು ವಾಪಸ್ ಬ್ಯಾಕ್ಟೀರಿಯಾಕ್ಕೆ ಸೇರಿಸುತ್ತಾರೆ. ಅದು ಒಂದು ಎರಡಾಗಿ, ಎರಡು ನಾಲ್ಕಾಗಿ, ದೊಡ್ಡ ಉಕ್ಕಿನ ತೊಟ್ಟಿ ತುಂಬ ಬೆಳೆದು ಇನ್ಸುಲಿನ್ ಮಾಡಿಕೊಡುತ್ತದೆ. 1982ರಲ್ಲಿ ಔಷಧಿಗೆ ಒಪ್ಪಿಗೆ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಇದನ್ನೇ ಯೀಸ್ಟಿನಿಂದ ಮಾಡಿ ಮಾರುಕಟ್ಟೆಗೆ ತಂದಿತು.

ಗೌಡರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಹಂಗಾದ್ರೆ ನಾನೂ ಕುಲಾಂತರಿನಾ ಮೇಷ್ಟ್ರೇ?" ಸೊಸೆ ಒಳಗೋಡಿ ನಕ್ಕಳು. ಇಲ್ಲ ಗೌಡ್ರೇ, ಜೀನ್ ಸೇರಿಸಿದ್ದು ಬ್ಯಾಕ್ಟೀರಿಯಾಕ್ಕೆ, ನಿಮಗೆ ಬಂದದ್ದು ಔಷಧಿ ಮಾತ್ರ ಅಂದೆ. ನೋಡಿ, ಯಾವ ಜೀನ್, ಎಲ್ಲಿಗೆ ಅಂತ ಕೇಳಿದರೆ ಅರ್ಧ ಭಯ ಅಲ್ಲಿಗೇ ಮುಗಿಯುತ್ತದೆ. ಗೌಡರು ಅಷ್ಟಕ್ಕೇ ಬಿಡಲಿಲ್ಲ. "ಔಷಧಿ ಬ್ಯಾರೆ, ಬೀಜ ಬ್ಯಾರೆ. ವರ್ಷಾ ವರ್ಷಾ ಬೀಜಕ್ಕೆ ಕಂಪನಿ ಮುಂದೆ ನಿಲ್ಲಬೇಕಲ್ಲ?" ಒಳ್ಳೆಯ ಪ್ರಶ್ನೆ. ಆದರೆ ಅದು ಬೀಜದ ವ್ಯಾಪಾರದ ಪ್ರಶ್ನೆ. ನಮ್ಮ ಹಾಸನದ ಆಲೂಗೆಡ್ಡೆ ಬೀಜ ಯಾವ ಕುಲಾಂತರಿಯೂ ಅಲ್ಲ. ಆದರೂ ಅದಕ್ಕೆ ಪ್ರತಿ ವರ್ಷ ಪಂಜಾಬಿನ ಜಲಂಧರ್‌ನಿಂದ ಬರುವ ಲಾರಿ ಕಾಯುವುದಿಲ್ವಾ?

ಕತೆಯಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ.

ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ 2002ರಲ್ಲಿ ಒಪ್ಪಿಗೆ ಕೊಟ್ಟರು. ಯಾವ ಜೀನ್? ಮಣ್ಣಿನ ಬ್ಯಾಕ್ಟೀರಿಯಾದ್ದು, ಬಿಟಿ ಅನ್ನುವುದು ಅದರ ಚಿಕ್ಕ ಹೆಸರು. ಯಾತಕ್ಕೆ? ಕಾಯಿಕೊರಕದ ಹುಳು ಸಾಯಲಿ ಅಂತ. ಬಿಟಿ ಬದನೆಯನ್ನು 2010ರಲ್ಲಿ ತಡೆಹಿಡಿದರು. ಈಗ ಕ್ರಿಸ್ಪರ್ ಅನ್ನುವ ಹೊಸ ಸಾಧನ ಬಂದಿದೆ. ಡಿಎನ್‌ಎಯಲ್ಲಿ ಹೇಳಿದ ಜಾಗಕ್ಕೇ ಹೋಗಿ ಕತ್ತರಿಸುತ್ತದೆ. ಹೊರಗಿನ ಜೀನ್ ಸೇರಿಸಲೇಬೇಕು ಅಂತಿಲ್ಲ. ಇದನ್ನು ತೋರಿಸಿಕೊಟ್ಟ ಇಬ್ಬರು ಹೆಣ್ಣುಮಕ್ಕಳಿಗೆ, ಡೌಡ್ನಾ ಮತ್ತು ಶಾರ್ಪೆಂಟಿಯೆ, 2020ರಲ್ಲಿ ನೊಬೆಲ್ ಬಂತು. ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು 2025ರ ಮೇನಲ್ಲಿ ನಮ್ಮ ದೇಶವೇ ಪ್ರಕಟಿಸಿತು. ಒಂದು ನಮಗೆಲ್ಲ ಗೊತ್ತಿರುವ ಸಾಂಬಾ ಮಸೂರಿಯಿಂದ ಮಾಡಿದ್ದು. ಪಿಯುಸಿ ಮಕ್ಕಳೇ, ಇದನ್ನು ಓದಿಕೊಳ್ಳಿ, ತುಂಬಾ ಚೆನ್ನಾಗಿದೆ!

ಕೊನೆಗೆ ಆಲೂಗೆಡ್ಡೆ. ಮೆಕ್ಸಿಕೋದ ಕಾಡು ಆಲೂಗೆಡ್ಡೆಯೊಂದರಲ್ಲಿ, ಎಲೆ ಕಪ್ಪಾಗಿಸಿ ಬೆಳೆ ಹಾಳುಮಾಡುವ ಅಂಗಮಾರಿ ರೋಗವನ್ನು ತಡೆಯುವ ಜೀನ್ ಇದೆ. ಅದರ ಹೆಸರು ಆರ್‌ಬಿ. ನೀವು ಹಾಕುವ ಕುಫ್ರಿ ಜ್ಯೋತಿ ತಳಿಗೇ ಅದನ್ನು ಸೇರಿಸುವ ಕೆಲಸ ಶಿಮ್ಲಾದ ಸಂಶೋಧನಾ ಸಂಸ್ಥೆಯಲ್ಲಿ ನಡೆದಿದೆ. ಯಾವ ಜೀನ್? ಆಲೂಗೆಡ್ಡೆಯದೇ. ಎಲ್ಲಿಗೆ? ಆಲೂಗೆಡ್ಡೆಗೇ. ಯಾತಕ್ಕೆ ಅಂತ ಹಾಸನದವರಿಗೆ ನಾನು ಹೇಳಬೇಕಾ?

ಆ ಬೀಜ ಇನ್ನೂ ನಿಮ್ಮ ಕೈಗೆ ಬಂದಿಲ್ಲ. ಅಲ್ಲಿಯವರೆಗೆ ಮೋಡ ಮುಸುಕಿ ಜಿಟಿಜಿಟಿ ಹಿಡಿಯಿತು ಅಂದರೆ, ಎಲೆ ಕಪ್ಪಾಗುವುದನ್ನು ಕಾಯಬೇಡಿ. ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಅನ್ನುವ ರೋಗನಾಶಕ ಬೆರೆಸಿ, ಎಲೆಯ ಅಡಿಭಾಗಕ್ಕೂ ತಾಗುವಂತೆ ಮುಂಚೆಯೇ ಹೊಡೆಯಿರಿ. ನಮಸ್ಕಾರ.