ಸೊಂಟದ ಗುಳಿಯ ಹತ್ತಿರ ಕೂತ ನೋವು

ಕೇಳುಗರೆಲ್ಲರಿಗೂ ನಮಸ್ಕಾರ.

ಅಡಿಕೆ ಸುಲಿತ ಶುರುವಾದರೆ ಮಲೆನಾಡಿನ ಮನೆಗಳಲ್ಲಿ ಸೊಂಟನೋವಿನ ಮಾತೂ ಶುರು. ಮೆಟ್ಟುಗತ್ತಿಯ ಮುಂದೆ ತಾಸುಗಟ್ಟಲೆ ಒಂದೇ ಪಕ್ಕಕ್ಕೆ ಭಾರ ಬಿಟ್ಟು ಕೂತವರು ಏಳುವಾಗ ಕೈ ಎಲ್ಲಿಡುತ್ತಾರೆ, ಗಮನಿಸಿ. ಎಷ್ಟೋ ಜನರ ಕೈ ನಡುಬೆನ್ನಿಗೆ ಹೋಗುವುದಿಲ್ಲ. ಸೊಂಟದ ಕೆಳಗೆ, ಒಂದು ಬದಿಯಲ್ಲಿ, ಚರ್ಮದ ಮೇಲೆ ಸಣ್ಣ ಗುಳಿ ಇರುತ್ತದಲ್ಲ, ಅಲ್ಲಿಗೆ ಹೋಗುತ್ತದೆ. ಬೆನ್ನುಮೂಳೆಯ ಬುಡದ ತ್ರಿಕಾಸ್ಥಿ ಸೊಂಟದೆಲುಬಿಗೆ ಕೂಡುವ ಸ್ಯಾಕ್ರೋಇಲಿಯಾಕ್ ಕೀಲು ಇರುವುದು ಅಲ್ಲೇ. ಅದು ಕೆರಳಿದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಮೆಟ್ಟಿಲು ಹತ್ತುವಾಗ ಚುಚ್ಚುತ್ತದೆ.

ಈ ಕೀಲು ಅಲುಗುವುದು ಕೆಲವೇ ಡಿಗ್ರಿ. ಮೈಭಾರವನ್ನು ಕಾಲಿಗೆ ದಾಟಿಸುವುದೇ ಅದರ ಕೆಲಸ. ಹಾಗಾಗಿ ಸೊಂಟ ತಿರುಚಿಸಿ ನೆಟಿಗೆ ತೆಗೆಸುವುದಕ್ಕಿಂತ ಸುತ್ತಲಿನ ಸ್ನಾಯುಗಳಿಗೆ ಬಲ ತುಂಬುವುದು ಮೇಲು.

ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ನಡುವೆ ದಿಂಬು ಇಡಿ. 5 ಸೆಕೆಂಡು ಮೆಲ್ಲಗೆ ಒತ್ತಿ, 5 ಸೆಕೆಂಡು ಸಡಿಲ ಬಿಡಿ. ಹೀಗೆ 10 ಸಲ. ಮೊದಲ ವಾರ ಇಷ್ಟೇ ಸಾಕು. ಗರ್ಭಿಣಿಯರಿಗೆ, ಒತ್ತಿದಾಗ ಮುಂಭಾಗದ ಗುಹ್ಯಾಸ್ಥಿಯಲ್ಲಿ ನೋವು ಬಂದರೆ, ಇದು ಬೇಡ.

ಎರಡನೇ ವಾರ ಕುಂಡಿಯ ಸ್ನಾಯು ಬಿಗಿ ಮಾಡಿ ಸೊಂಟ ಎತ್ತಿ. ಭುಜದಿಂದ ಮಂಡಿಯವರೆಗೆ ಒಂದೇ ಇಳಿಜಾರಾಗಬೇಕು, ಅದಕ್ಕಿಂತ ಮೇಲೆ ಬೇಡ. 5 ಸೆಕೆಂಡು ನಿಲ್ಲಿಸಿ ನಿಧಾನ ಇಳಿಸಿ. 8 ಸಲದ ಎರಡು ಸರದಿ, ನಡುವೆ ಒಂದು ನಿಮಿಷ ವಿಶ್ರಾಂತಿ. ತೊಡೆಯ ಹಿಂಭಾಗ ಹಿಡಿದುಕೊಂಡರೆ ಪಾದ ದೂರವಾಗಿದೆ ಎಂದರ್ಥ; ಹಿಮ್ಮಡಿಯನ್ನು ಒಂದಿಷ್ಟು ಹತ್ತಿರ ತನ್ನಿ. ನಡು ನೋಯುತ್ತಿದ್ದರೆ ಎತ್ತಿದ್ದು ಹೆಚ್ಚಾಯಿತು. ಉಸಿರು ಕಟ್ಟುವವರು ಗಟ್ಟಿಯಾಗಿ ಎಣಿಸಿ, ಎಣಿಸುವಾಗ ಉಸಿರು ಹಿಡಿಯಲಾಗದು.

ಮಾಡುವಾಗಿನ ಸಣ್ಣ ನೋವಿಗೆ ಹೆದರಬೇಡಿ. ಮರುದಿನ ಬೆಳಿಗ್ಗೆ ಹೆಚ್ಚಾಗಿದ್ದರೆ ಲೆಕ್ಕ ಅರ್ಧಕ್ಕಿಳಿಸಿ, ನಿಲ್ಲಿಸಬೇಡಿ. ಸ್ನಾಯು ಬಲಿಯಲು 6ರಿಂದ 8 ವಾರ ಬೇಕು; ಹತ್ತು ದಿನಕ್ಕೆ ಕೈಬಿಡುವವರೇ ಹೆಚ್ಚು. ಸುಲಿತದ ನಡುವೆ ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೊಂದು ಸುತ್ತು ಬನ್ನಿ.

ಮೂತ್ರ ಕಟ್ಟಿದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಇನ್ನು, 45ರ ಒಳಗಿನವರಿಗೆ ಮೂರು ತಿಂಗಳು ದಾಟಿದ ನೋವು, ಬೆಳಗಿನ ಬಿಗಿತ ಅರ್ಧ ಗಂಟೆಗೂ ಇಳಿಯದೆ ಓಡಾಡಿದ ಮೇಲೆ ಹಗುರಾಗುವುದು ಕಂಡರೆ, ಕೀಲುವಾತದ ವೈದ್ಯರನ್ನು ಕಾಣಿ. ಅದು ಕೀಲಿನ ಉರಿಯೂತ ಇರಬಹುದು. ಆ ಉರಿಯೂತ ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು, ಎಂಆರ್‌ಐ ಬೇಕಾಗುತ್ತದೆ.