ಗೋಡೆಗೆ ಮೊಳೆ ಹೊಡೆಯುವ ಮುಂಚೆ

ಬೆಂಗಳೂರಿನ ಅಠಾರ ಕಚೇರಿ ನೋಡಿದ್ದೀರಲ್ವಾ? ವಿಧಾನಸೌಧದ ಎದುರಿನ ಕೆಂಪು ಕಟ್ಟಡ, ಈಗಿನ ಹೈಕೋರ್ಟ್. 1868ರಲ್ಲಿ ಮುಗಿದ ಕಟ್ಟಡ. ಅಠಾರ ಅಂದ್ರೆ ಉರ್ದುವಿನಲ್ಲಿ ಹದಿನೆಂಟು. ಹದಿನೆಂಟು ಇಲಾಖೆ ಒಂದೇ ಸೂರಿನಡಿ ಇದ್ದವು, ಅದಕ್ಕೇ ಆ ಹೆಸರು. 1980ರ ದಶಕದಲ್ಲಿ ಕೆಡವುವ ಮಾತು ಬಂತು. ಜನ ಕೋರ್ಟಿಗೆ ಹೋದರು. ಕಟ್ಟಡ ಉಳಿಯಿತು.

ಹೀಗೆ ಉಳಿದ ಕಟ್ಟಡಗಳಿಗೆ ಬೋರ್ಡು ಹಾಕುವ ಕೆಲಸ ಇದೆಯಲ್ಲ, ನನ್ನ ತಕರಾರು ಅದರ ಬಗ್ಗೆ.

ಹಳೇ ಕಟ್ಟಡ ತಾನೇ ದಾರಿ ಹೇಳುತ್ತದೆ. ಅಗಲ ಮೆಟ್ಟಿಲು, ಎತ್ತರದ ಬಾಗಿಲು, ಉದ್ದನೆ ಪಡಸಾಲೆ. ಕಾಲು ತಾನಾಗಿ ಅತ್ತ ಹೋಗುತ್ತದೆ. ನಾವೇನು ಮಾಡುತ್ತೇವೆ? ಆ ಬಾಗಿಲಿಗೆ ಬೀಗ ಹಾಕಿ, ಟಿಕೆಟ್ ಕೌಂಟರ್ ಪಕ್ಕದ ಸಂದಿಯಲ್ಲಿ ಇಡುತ್ತೇವೆ. ಆಮೇಲೆ ಹತ್ತು ಬಾಣದ ಗುರುತು! ಮೊದಲು ಬಾಗಿಲು ತೆಗೆಯಿರಿ ಸ್ವಾಮಿ, ಅರ್ಧ ಬೋರ್ಡು ಬೇಕಾಗುವುದೇ ಇಲ್ಲ.

ಉಳಿದರ್ಧವನ್ನೂ ಗೋಡೆಗೆ ಹೊಡೆಯಬೇಕಿಲ್ಲ. ಗಾರೆ ಗೋಡೆಗೆ ಕಬ್ಬಿಣದ ಮೊಳೆ ಹೊಡೆದರೆ ಅದು ತುಕ್ಕು ಹಿಡಿದು ಉಬ್ಬುತ್ತದೆ, ಸುತ್ತಲಿನ ಗಾರೆ ಸಿಡಿಯುತ್ತದೆ. ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಗೋಡೆಯೇ ಬೇಕೆಂದರೆ ಕಲ್ಲಿಗೆ ಬೇಡ, ಕಲ್ಲುಗಳ ನಡುವಿನ ಸಂದಿಗೆ ಸ್ಟೇನ್‌ಲೆಸ್ ಸ್ಟೀಲಿನದು ಹಾಕಿ. ನಾಳೆ ಕಿತ್ತರೂ ಸಂದಿಗೆ ಮತ್ತೆ ಗಾರೆ ತುಂಬಬಹುದು, ಕಲ್ಲಿನ ತೂತು ತೂತೇ.

ಇನ್ನು ಅಕ್ಷರ. ಡಿಸೈನ್ ಇಂಗ್ಲಿಷಿನಲ್ಲಿ ಮುಗಿಸಿ, ಮಿಕ್ಕ ಜಾಗಕ್ಕೆ ಕನ್ನಡ ತುರುಕುತ್ತಾರೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅದಕ್ಕೆ ಜಾಗ ಬೇಡವೇ? ‘ವಸ್ತುಸಂಗ್ರಹಾಲಯ’ ಅಂತ ಬರೆದು ನೋಡಿ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಒತ್ತು ಕೆಳಗಿನ ಸಾಲಿನ ತಲೆಗಟ್ಟಿಗೆ ತಾಗುತ್ತದೆ. ಹತ್ತು ಅಡಿ ದೂರದಿಂದ ಬರೀ ಗೋಜಲು. ಮೊದಲು ಕನ್ನಡ ಕೂರಿಸಿ. ಇಂಗ್ಲಿಷಿಗೆ ಕಡಿಮೆ ಜಾಗ ಸಾಕು, ಅದು ಹೇಗೋ ಹೊಂದಿಕೊಳ್ಳುತ್ತದೆ.

ಹಳೇ ಕಾಲದ್ದು ಅಂತ ಕಾಣಲಿ ಎಂದು ಬಳ್ಳಿ, ಸುರುಳಿ ಸುತ್ತಿದ ಅಕ್ಷರ ಹಾಕುವವರೂ ಇದ್ದಾರೆ. ಅದು ಸುಮ್ನೆ ವೇಷ.

ಈಚೆಗೆ ಒಂದು ಕಡೆ ಹೋಗಿದ್ದೆ, ಹೆಸರು ಬೇಡ. ಹೊಳೆಯುವ ಹಿತ್ತಾಳೆ ಫಲಕದ ಕೆಳಗೆ ಒಂದು ಬಿಳಿ ಹಾಳೆ. ಸ್ಕೆಚ್ ಪೆನ್ನಿನಲ್ಲಿ ‘ಟಾಯ್ಲೆಟ್ ಎಡಕ್ಕೆ’. ಯಾರು ಅಂಟಿಸಿದ್ದು ಅಂತ ವಾಚ್‌ಮನ್‌ನ ಕೇಳಿದೆ.

“ನಾನೇ ಸಾರ್. ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಫಲಕ ಮಾಡಿದವರು ಮಾತ್ರ ನನ್ನ ಏನೂ ಕೇಳಲಿಲ್ಲ.”