36 ಪರ್ಸೆಂಟ್

ನನ್ನ ಅಕ್ಕನ ಬೀರುವಿನಲ್ಲಿ ಒಂದು ಕಾಗದ ಎರಡು ವರ್ಷ ಮಡಚಿಟ್ಟ ಹಾಗೇ ಬಿದ್ದಿತ್ತು. ಅವಳ ಅಂಗವೈಕಲ್ಯ ಪ್ರಮಾಣಪತ್ರ. ಅದರಲ್ಲಿ ಶೇಕಡ 36 ಎಂದು ಬರೆದಿತ್ತು. ಅದನ್ನು ಕೈಗೆ ಕೊಡುವಾಗ ಅಲ್ಲಿದ್ದವರೊಬ್ಬರು, "40 ಆಗಿಲ್ಲಮ್ಮ, ಇದರಿಂದ ಏನೂ ಸಿಗಲ್ಲ" ಎಂದಿದ್ದರು. ಅಕ್ಕ ನಂಬಿದಳು. ನಾನೂ ನಂಬಿದೆ.

ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅಕ್ಕನಿಗೆ ಯಾವುದು ಬೇಕಿತ್ತೋ, ಅಲ್ಲೇ ಅದು ತಪ್ಪಾಗಿತ್ತು. ಇವತ್ತು ಅದನ್ನೇ ಹೇಳೋಣ ಅಂತ ಕೂತಿದ್ದೇನೆ. ಯಾಕೆಂದರೆ ಇಂಥ ಕಾಗದ ಇನ್ನೂ ಎಷ್ಟೋ ಮನೆಗಳ ಬೀರುವಿನಲ್ಲಿ ಇರುತ್ತದೆ.

ಅಕ್ಕ ಸರ್ಕಾರಿ ಶಾಲೆಯಲ್ಲಿ ಟೀಚರ್. ಕೆಲಸಕ್ಕೆ ಸೇರಿ 11 ವರ್ಷ ಆದಮೇಲೆ ಕೀಲುಗಳಿಗೆ ವಾತ ಹಿಡಿಯಿತು. ಡಾಕ್ಟರು ರುಮಟಾಯ್ಡ್ ಎನ್ನುತ್ತಾರಲ್ಲ, ಅದು. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ಚಾಕ್‌ಪೀಸ್ ನಿಲ್ಲುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಸಡಿಲವಾಗುತ್ತದೆ. ಅವಳನ್ನು ಪರೀಕ್ಷೆ ಮಾಡಿದ್ದು ಮಧ್ಯಾಹ್ನ 3 ಗಂಟೆಗೆ. ಕೀಲು ಎಷ್ಟು ಬಾಗುತ್ತದೆ, ಹಿಡಿತ ಎಷ್ಟಿದೆ ಎಂದು ನೋಡಿದರು, ಲೆಕ್ಕ ಹಾಕಿದರು, ಬರೆದರು. ಡಾಕ್ಟರನ್ನು ನಾನು ದೂರುವುದಿಲ್ಲ. ಅವರ ಕಣ್ಣೆದುರು ಇದ್ದದ್ದು ಆ ಹೊತ್ತಿನ ಕೈ. ಬೆಳಗ್ಗೆ 7 ಗಂಟೆಯ ಕೈ ಹೇಗಿರುತ್ತದೆ ಅಂತ ನಾವೂ ಹೇಳಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಬಂದೆವು.

ಆಮೇಲೆ ಶಾಲೆಯಲ್ಲಿ ಮಾತು ಶುರುವಾಯಿತು. "ಕಷ್ಟ ಆದರೆ ಸ್ವಯಂ ನಿವೃತ್ತಿ ತಗೊಳ್ಳಿ." ಹೇಳಿದವರ ದನಿಯಲ್ಲಿ ಕನಿಕರವೇ ಇತ್ತು. ಅಕ್ಕ ಅರ್ಜಿ ಬರೆದೂ ಇಟ್ಟಿದ್ದಳು.

ಆಗ ನಾನು ಕಾಯ್ದೆ ತೆಗೆದು ಓದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. 1995ರ ಹಳೆಯದರಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಇದರಲ್ಲಿ 21 ಇವೆ. ಓದುತ್ತಾ ಹೋದರೆ ಗೊತ್ತಾಗುತ್ತದೆ, ಇಲ್ಲಿ ಒಂದರೊಳಗೆ ಒಂದು ಎರಡು ಸುತ್ತುಗಳಿವೆ. ಹೊರಗಿನ ಸುತ್ತಿನಲ್ಲಿ ವೈಕಲ್ಯ ಇರುವ ಎಲ್ಲರೂ ಇದ್ದಾರೆ. ಒಳಗಿನ ಸುತ್ತಿನಲ್ಲಿ ಶೇಕಡ 40 ಮತ್ತು ಅದಕ್ಕಿಂತ ಜಾಸ್ತಿ ಇರುವವರು. ಸರ್ಕಾರಿ ನೇಮಕಾತಿಯಲ್ಲಿ ಶೇಕಡ 4 ಮೀಸಲಾತಿ ಒಳಗಿನವರಿಗೆ. ಹಳೆ ತೆರಿಗೆ ಪದ್ಧತಿಯಲ್ಲಿ ಆದಾಯದಿಂದ 75,000 ರೂಪಾಯಿ, ಶೇಕಡ 80 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1,25,000 ರೂಪಾಯಿ ಕಳೆಯುವ ಸವಲತ್ತೂ ಅವರಿಗೇ. ಅಷ್ಟರ ಮಟ್ಟಿಗೆ, "ಏನೂ ಸಿಗಲ್ಲ" ಎಂದವರು ಹೇಳಿದ್ದು ಸರಿ.

ಆದರೆ 20ನೇ ಸೆಕ್ಷನ್ ನೋಡಿ. ಸೇವೆಯಲ್ಲಿ ಇರುವಾಗ ವೈಕಲ್ಯ ಬಂದ ನೌಕರರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಈಗಿನ ಹುದ್ದೆ ಮಾಡಲು ಆಗದಿದ್ದರೆ ಅದೇ ಸಂಬಳ ಶ್ರೇಣಿಯ ಬೇರೆ ಹುದ್ದೆಗೆ ಹಾಕಬೇಕು. ಅದೂ ಇಲ್ಲದಿದ್ದರೆ, ಹೊಂದುವ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ, ಹೆಚ್ಚುವರಿ ಹುದ್ದೆಯೊಂದನ್ನು ಮಾಡಿಕೊಡಬೇಕು. ಈ ಸಾಲುಗಳಲ್ಲಿ 40 ಎಂಬ ಅಂಕಿಯೇ ಇಲ್ಲ. ನಾನು ಮೂರು ಸಲ ಓದಿದೆ. ಇಲ್ಲ.

ಅದೇ ಸೆಕ್ಷನ್‌ನಲ್ಲಿ, ಕೆಲಸದ ಜಾಗದಲ್ಲಿ ತಕ್ಕ ಅನುಕೂಲ ಮಾಡಿಕೊಡಬೇಕು ಎಂದೂ ಇದೆ. ಅಲ್ಲೂ 40 ಇಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಬರೆಯುವಾಗ ಕೈ ಬಿಗಿದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯೊಬ್ಬರು ಯುಪಿಎಸ್‌ಸಿ ಪರೀಕ್ಷೆಗೆ ಬರೆಯಲು ಸಹಾಯಕರನ್ನು ಕೇಳಿದ್ದರು. ಶೇಕಡ 40ರ ಒಳಗಿನ ಸುತ್ತಿಗೆ ಸೇರದವರಿಗೆ ಅದನ್ನು ಕೊಡಲು ಆಗುವುದಿಲ್ಲ ಎಂದು ವಾದ ಬಂತು. ತಕ್ಕ ಅನುಕೂಲ ಪಡೆಯಲು 40 ಆಗಲೇಬೇಕು ಎಂಬುದು ಸರಿಯಲ್ಲ ಎಂದು ಕೋರ್ಟ್ ಹೇಳಿತು.

ಅಕ್ಕನಿಗೆ ಬೇಕಿದ್ದದ್ದು ಮೀಸಲಾತಿ ಅಲ್ಲ, ತೆರಿಗೆ ವಿನಾಯಿತಿಯೂ ಅಲ್ಲ. ಮೊದಲ ಪೀರಿಯಡ್ ಬೋರ್ಡ್ ಮೇಲೆ ಬರೆಯುವ ಕೆಲಸ ಇಲ್ಲದಿದ್ದರೆ ಸಾಕಿತ್ತು. ಅದಕ್ಕೆ ಆ 36ರ ಕಾಗದವೇ ಸಾಕಾಗುತ್ತಿತ್ತು ಅಲ್ವಾ?

ಖಾಸಗಿ ಕಂಪನಿಯಲ್ಲಿ ಇರುವವರಿಗೆ ಇಷ್ಟು ಗಟ್ಟಿಯಾದ ರಕ್ಷಣೆ ಇಲ್ಲ. ಇದನ್ನು ಹೇಳಲು ನನಗೆ ಬೇಸರ. 20ನೇ ಸೆಕ್ಷನ್ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಆದರೆ ಸಮಾನ ಅವಕಾಶ ನೀತಿಯನ್ನು ಖಾಸಗಿಯವರೂ ಪ್ರಕಟಿಸಬೇಕು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ, ಏನೇನು ಅನುಕೂಲ ಕೊಡುತ್ತೇವೆ ಎಂದು ಅದರಲ್ಲಿ ಬರೆದಿರಬೇಕು. ನಿಮ್ಮ ಆಫೀಸಿನಲ್ಲಿ ಆ ನೀತಿ ಎಲ್ಲಿದೆ ಎಂದು ಕೇಳಿ. ಬರವಣಿಗೆಯಲ್ಲಿ ಕೇಳಿ.

ಹಣದ ವಿಷಯಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. ಕೇಂದ್ರದ ಅಂಗವಿಕಲರ ಪಿಂಚಣಿ ಯೋಜನೆಯಲ್ಲಿ, ಬಡತನದ ರೇಖೆಗಿಂತ ಕೆಳಗಿದ್ದು ಶೇಕಡ 80 ವೈಕಲ್ಯ ಇರುವವರಿಗೆ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ, ನಿಜ. ಆದರೂ 300 ರೂಪಾಯಿಗಾಗಿ ಒಬ್ಬ ಮನುಷ್ಯ ತನ್ನ ದೇಹ 80 ಪಾಲು ಕೆಲಸಕ್ಕೆ ಬಾರದು ಎಂದು ಸಾಬೀತು ಮಾಡಬೇಕು. ಇದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. ಆ ಮೊತ್ತ ಏರಲೇಬೇಕು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಎರಡು ಬಗೆಯ ವೈಕಲ್ಯ ಇದ್ದರೆ ಎರಡನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಸುಮ್ನೆ ಕೂಡುವುದಲ್ಲ, ಅದಕ್ಕೊಂದು ಸೂತ್ರ ಇದೆ. ಕಾಲಿನದು 30, ಕಿವಿಯದು 30 ಇದ್ದರೆ ಒಟ್ಟು 60 ಆಗುವುದಿಲ್ಲ, 50 ಆಗುತ್ತದೆ. ಆದರೂ 40 ದಾಟಿತು ನೋಡಿ! ಕಾಲಿನದನ್ನು ಮಾತ್ರ ತೋರಿಸಿ, ಕಿವಿ ಮಂದ ಎಂದು ಹೇಳಲು ಸಂಕೋಚಪಟ್ಟು ಮನೆಗೆ ಬಂದರೆ 30ರಲ್ಲೇ ನಿಲ್ಲುತ್ತದೆ. ಮನಸ್ಸಿನ ಕಾಯಿಲೆಯೂ ಈ 21ರ ಪಟ್ಟಿಯಲ್ಲಿದೆ. ಅದನ್ನು ಅಳೆಯುವಾಗ ತನ್ನ ಆರೈಕೆ, ಜನರ ಜೊತೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ, ಈ ನಾಲ್ಕನ್ನೂ ನೋಡುತ್ತಾರೆ. ಕೆಲಸವನ್ನೂ ನೋಡುತ್ತಾರೆ ಎಂಬುದನ್ನು ಗಮನಿಸಿ. ಕೀಲು ಅಳೆಯುವಾಗಲೂ ಹೀಗೇ ಕೇಳಬಾರದೇ?

ಕೊಟ್ಟ ಅಂಕಿ ಒಪ್ಪಿಗೆ ಆಗದಿದ್ದರೆ 90 ದಿನಗಳ ಒಳಗೆ ಮೇಲ್ಮನವಿ ಹಾಕಬಹುದು. ನಾವು ಆ ದಿನಗಳನ್ನು ಬೀರುವಿನಲ್ಲೇ ಕಳೆದೆವು.

ಅಕ್ಕ ನಿವೃತ್ತಿ ಅರ್ಜಿ ಹರಿದು ಹಾಕಿದಳು. ಸೆಕ್ಷನ್ ನಂಬರ್ ಬರೆದು, 36ರ ಪತ್ರ ಲಗತ್ತಿಸಿ ಇಲಾಖೆಗೆ ಕೊಟ್ಟಳು. ಈಗ ಅವಳಿಗೆ ಬೆಳಗ್ಗೆ ಓದಿಸುವ ತರಗತಿ, ಬೋರ್ಡ್ ಕೆಲಸ ಮಧ್ಯಾಹ್ನದ ಮೇಲೆ. ಈ ನಡುವೆ ಕೀಲು ಇನ್ನಷ್ಟು ಬಿಗಿದಿದೆ. ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಹೋಗುತ್ತಿದ್ದೇವೆ. ಬೆಳಗ್ಗೆ ಎದ್ದ ಕೂಡಲೇ ಅವಳ ಕೈ ಹೇಗಿರುತ್ತದೆ ಅಂತ ಒಂದು ವಾರ ದಿನಾ ವಿಡಿಯೊ ಮಾಡಿ ಇಟ್ಟುಕೊಂಡಿದ್ದೇನೆ. ಈ ಸಲ ಸರದಿಯಲ್ಲಿ ಮೊದಲಿಗರಾಗಿ ನಿಲ್ಲುತ್ತೇವೆ.